ಎಂಟು ವಾರದ ಅತಿಥಿಗೆ ದಿನದ ಊಟ

ರಸ್ತೆಯಿಂದ ತಂದ ನಾಯಿಗೆ ಹೊಸ ಮನೆ ಸಿಗುವ ತನಕ ಜಾಗ ಕೊಡುವುದನ್ನು ಬೆಂಗಳೂರಿನಲ್ಲಿ ಈಗ ಎಲ್ಲರೂ ಫಾಸ್ಟರ್ ಎನ್ನುತ್ತಾರೆ. ಚಿಕಿತ್ಸೆಯ ಬಿಲ್ಲಿಗೆ ಹತ್ತು ಜನ ಸೇರಿ ಹಣ ಹಾಕುವುದುಂಟು, ದಿನದ ಊಟ ಮಾತ್ರ ಇಟ್ಟುಕೊಂಡ ಮನೆಯ ಖರ್ಚು. ಹಾಗಾಗಿ ಹೊಸದಾಗಿ ಫಾಸ್ಟರ್ ಮಾಡುವವರು ಮೊದಲು ಕೇಳುವುದೇ 'ಕಡಿಮೆ ಬೆಲೆಯಲ್ಲಿ ಯಾವ ಫುಡ್ ಒಳ್ಳೆಯದು' ಎಂದು. ಅದಕ್ಕೆ ಒಂದು ಬ್ರ್ಯಾಂಡಿನ ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಆ ನಾಯಿಗೆ ದಿನಕ್ಕೆ ಎಷ್ಟು ಬೇಕು, ಆ ಚೀಲದಲ್ಲಿ ನಿಜಕ್ಕೂ ಎಷ್ಟಿದೆ, ನಾಳೆ ಅದು ಹೋಗುವ ಊರಿನಲ್ಲಿ ಅದೇ ಚೀಲ ಸಿಗುತ್ತದೆಯೇ, ಈ ಮೂರು ಗೊತ್ತಾಗದೆ ಯಾವ ಹೆಸರೂ ಉಪಯೋಗಕ್ಕೆ ಬರುವುದಿಲ್ಲ. ಒಂದು ನಾಯಿಗೆ ಊಟ ಆರಿಸಿದ ಕ್ರಮವನ್ನು ಲೆಕ್ಕದ ಸಮೇತ ಇಲ್ಲಿ ಬರೆದಿದ್ದೇವೆ. ಬೆಲೆಗಳು ನಮ್ಮ ಬೀದಿಯ ಅಂಗಡಿಯವು. ನಿಮ್ಮ ಊರಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ.

ನಾಯಿ ಹೆಣ್ಣು, ನಾಡತಳಿ, ವಯಸ್ಸು ಸುಮಾರು ಎರಡು ವರ್ಷ. ಕಿವಿಯ ತುದಿ ಕತ್ತರಿಸಿದ ಗುರುತಿತ್ತು, ಅಂದರೆ ಸಂತಾನಶಕ್ತಿಹರಣ ಚಿಕಿತ್ಸೆ ಆಗಿದೆ. ಈ ಗುರುತನ್ನು ನೋಡಿಯೇ ಮುಂದಿನ ಲೆಕ್ಕ ಹಿಡಿಯಬೇಕು, ಏಕೆಂದರೆ ಚಿಕಿತ್ಸೆ ಆದ ನಾಯಿಗೆ ಆಹಾರ ಸ್ವಲ್ಪ ಕಡಿಮೆ ಸಾಕು. ತೂಕ ನೋಡಲು ಮನುಷ್ಯರ ತಕ್ಕಡಿಯೇ ಸಾಕು: ನಾಯಿಯನ್ನು ಎತ್ತಿಕೊಂಡು ನಿಂತಾಗ 71.4 ಕಿಲೊ, ಒಬ್ಬರೇ ನಿಂತಾಗ 61.8, ಉಳಿದದ್ದು 9.6.

ತೂಕ ಗೊತ್ತಾದರೆ ಅರ್ಧ ಕೆಲಸ ಆಯಿತು. ಇರಬೇಕಾದ ತೂಕ ಎಷ್ಟು ಎನ್ನುವುದನ್ನು ಕೈಯಲ್ಲಿ ಮುಟ್ಟಿ ತಿಳಿಯಬೇಕು. ಒಂದು ಕೈ ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಎಳೆಯಿರಿ: ಪಕ್ಕೆಲುಬು ಹಾಗೆ ಸಿಕ್ಕರೆ ನಾಯಿ ಬಡಕಲು. ಕೈ ಚಾಚಿ ಹಸ್ತದ ಹಿಂಭಾಗ ಸವರಿದಾಗ ಮೂಳೆ ತಿಳಿಯುತ್ತದೆ, ಆದರೆ ಚುಚ್ಚುವುದಿಲ್ಲ. ಪಕ್ಕೆಲುಬು ಹಾಗಿದ್ದರೆ ಸರಿಯಾದ ಮೈ. ಅಂಗೈಯ ಬುಡ ಒತ್ತಿದಂತೆ ಮೆತ್ತಗಿದ್ದರೆ ಕೊಬ್ಬು ಜಾಸ್ತಿ. ವೈದ್ಯರು ಇದನ್ನೇ 1ರಿಂದ 9ರ ಅಂಕದಲ್ಲಿ ಹೇಳುತ್ತಾರೆ, 4 ಅಥವಾ 5 ಸರಿಯಾದದ್ದು. ಈ ನಾಯಿಯದು 3. ಒಂದೊಂದು ಅಂಕಕ್ಕೆ ಸುಮಾರು ಹತ್ತನೇ ಒಂದು ಪಾಲು ತೂಕ ಎಂದು ಹಿಡಿದರೆ ಇರಬೇಕಾದದ್ದು 12 ಕಿಲೊ ಆಸುಪಾಸು.

ಇನ್ನು ಕ್ಯಾಲೊರಿ. ಮಲಗಿಯೇ ಇರುವ ನಾಯಿಗೂ ಬೇಕಾಗುವ ಮೂಲ ಶಕ್ತಿಗೆ ಸೂತ್ರ: ತೂಕದ 0.75 ಘಾತವನ್ನು 70ರಿಂದ ಗುಣಿಸುವುದು. ಘಾತ ಎಂದರೆ ಹೆದರಬೇಕಿಲ್ಲ, ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ. ತೂಕವನ್ನು ಮೂರು ಸಲ ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ. 12 × 12 × 12 ಅಂದರೆ 1728. ಒಮ್ಮೆ ಒತ್ತಿದರೆ 41.57, ಇನ್ನೊಮ್ಮೆ 6.45, 70ರಿಂದ ಗುಣಿಸಿದರೆ 451. ಚಿಕಿತ್ಸೆ ಆದ ವಯಸ್ಕ ನಾಯಿಗೆ ಇದರ 1.6 ಪಟ್ಟು, ಆಗದಿದ್ದಕ್ಕೆ 1.8 ಪಟ್ಟು. ನಮ್ಮ ಗುರಿ ಹೀಗೆ ದಿನಕ್ಕೆ 722 ಕ್ಯಾಲೊರಿ. ಆಹಾರದ ಲೆಕ್ಕದಲ್ಲಿ ಕ್ಯಾಲೊರಿ ಎಂದರೆ ಕಿಲೊಕ್ಯಾಲೊರಿ ಎಂದೇ ಅರ್ಥ.

ಈ 722ನ್ನು ಮೊದಲ ದಿನವೇ ಬಟ್ಟಲಿಗೆ ಹಾಕಬಾರದು. ಹಸಿದು ಬಂದ ನಾಯಿಯ ಕಣ್ಣು ನೋಡಿ ತಟ್ಟೆ ತುಂಬಿಸುವವರೇ ಹೆಚ್ಚು, ನಾವು ಅತಿ ಹೆಚ್ಚು ಸಲ ಕಂಡ ತಪ್ಪು ಇದೇ. ಬಹಳ ದಿನ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಪಿಷ್ಟ ಬಂದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗಿ ರಕ್ತದ ಮಟ್ಟ ಕುಸಿಯುತ್ತದೆ. ಹೃದಯಕ್ಕೇ ತೊಂದರೆ ಆಗಬಹುದು. ಬೆನ್ನುಮೂಳೆ, ಸೊಂಟದ ಮೂಳೆ ದೂರದಿಂದಲೇ ಎದ್ದು ಕಾಣುವ, ನಿಲ್ಲಲು ತ್ರಾಣವಿಲ್ಲದ ನಾಯಿಯಾದರೆ ಮೊದಲ ವಾರದ ಊಟವನ್ನು ವೈದ್ಯರೇ ಗೊತ್ತು ಮಾಡಬೇಕು, ಮನೆಯಲ್ಲಿ ಅಂದಾಜು ಬೇಡ. ನಮ್ಮದು ಅಷ್ಟು ಸೊರಗಿರಲಿಲ್ಲ. ಆದರೂ ಈಗಿನ 9.6 ಕಿಲೊಗೆ ತಕ್ಕ ಮೂಲ ಶಕ್ತಿ, 382 ಕ್ಯಾಲೊರಿಯಿಂದ ಶುರು: ಒಣ ಅಳತೆಯಲ್ಲಿ 65 ಗ್ರಾಂ ಅಕ್ಕಿಯ ಮೆತ್ತನೆ ಅನ್ನ, ಮೂಳೆ, ಚರ್ಮ ತೆಗೆದ 120 ಗ್ರಾಂ ಕೋಳಿಮಾಂಸ ಬೇಯಿಸಿದ್ದು, ಉಪ್ಪಿಲ್ಲ, ಎಣ್ಣೆಯಿಲ್ಲ. ಅದನ್ನು ನಾಲ್ಕು ಭಾಗ ಮಾಡಿ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರ ಒಳಗೆ ಕೊಟ್ಟೆವು. ಮೊದಲ ಮೂರು ದಿನ ಇದೇ ಊಟ, ಆ ಮೂರು ದಿನದಲ್ಲಿ ಅಂಗಡಿ ಸುತ್ತಿ ಚೀಲ ನೋಡುವ ಕೆಲಸ.

ಚೀಲದ ಹಿಂಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: ಪ್ರೊಟೀನ್ ಕನಿಷ್ಠ ಇಷ್ಟು, ಕೊಬ್ಬು ಕನಿಷ್ಠ ಇಷ್ಟು, ನಾರು ಗರಿಷ್ಠ ಇಷ್ಟು, ತೇವ ಗರಿಷ್ಠ ಇಷ್ಟು. ಬೂದಿ, ಅಂದರೆ ಖನಿಜಾಂಶ, ಕೆಲವರು ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ, ಬರೆಯದಿದ್ದರೆ ಶೇ. 8 ಎಂದು ಹಿಡಿಯಿರಿ. ಐದನ್ನೂ ಕೂಡಿಸಿ 100ರಿಂದ ಕಳೆದರೆ ಉಳಿಯುವುದು ಪಿಷ್ಟ. ಪ್ರೊಟೀನ್ ಗ್ರಾಮಿಗೆ 3.5, ಪಿಷ್ಟಕ್ಕೂ 3.5, ಕೊಬ್ಬಿಗೆ 8.5 ಕ್ಯಾಲೊರಿ. ಚೀಲದ ಮೇಲೆ ಕ್ಯಾಲೊರಿ ಬರೆದಿದ್ದರೆ ಈ ಶ್ರಮ ಬೇಡ, ಆದರೆ ಅಗ್ಗದ ಚೀಲಗಳಲ್ಲಿ ಬರೆದಿರುವುದು ಅಪರೂಪ.

ಮೂರು ಚೀಲ ಎದುರಿಗಿಟ್ಟುಕೊಂಡೆವು. ಮೊದಲನೆಯದು ಕಿಲೊಗೆ 200 ರೂ.: ಪ್ರೊಟೀನ್ 20, ಕೊಬ್ಬು 8, ನಾರು 5, ತೇವ 12, ಬೂದಿ 9. ಪಿಷ್ಟ 46 ಉಳಿಯಿತು, 100 ಗ್ರಾಮಿಗೆ 299 ಕ್ಯಾಲೊರಿ. ಎರಡನೆಯದು 230 ರೂ.: ಅದೇ ಕ್ರಮದಲ್ಲಿ 24, 10, 4, 10, 8, ಪಿಷ್ಟ 44, ಕ್ಯಾಲೊರಿ 323. ಮೂರನೆಯದು 420 ರೂ.: 28, 16, 3, 9, 7, ಪಿಷ್ಟ 37, ಕ್ಯಾಲೊರಿ ಸುಮಾರು 364. ಈಗ 722 ಕ್ಯಾಲೊರಿಗೆ ಎಷ್ಟು ಗ್ರಾಂ ಬೇಕು ನೋಡಿ. ಮೊದಲನೆಯದು 241 ಗ್ರಾಂ, ದಿನಕ್ಕೆ 48 ರೂ. ಎರಡನೆಯದು 223 ಗ್ರಾಂ, 51 ರೂ. ಮೂರನೆಯದು 199 ಗ್ರಾಂ, 83 ರೂ. ಚೀಲದ ಮೇಲೆ 30 ರೂ. ವ್ಯತ್ಯಾಸ ಕಂಡ ಮೊದಲೆರಡು, ಬಟ್ಟಲಿಗೆ ಬರುವಾಗ ದಿನಕ್ಕೆ ಬರೀ 3 ರೂ. ಅಂತರಕ್ಕೆ ಇಳಿದವು. ದಿನಕ್ಕೆ ನಾಯಿಯ ಹೊಟ್ಟೆಗೆ ಬೀಳುವ ಪ್ರೊಟೀನ್ ಮೊದಲನೆಯದರಲ್ಲಿ 48 ಗ್ರಾಂ, ಎರಡನೆಯದರಲ್ಲಿ 54, ಮೂರನೆಯದರಲ್ಲಿ 56. ಅಂದರೆ ಮೂರನೆಯ ಚೀಲಕ್ಕೆ ದಿನಕ್ಕೆ 32 ರೂ. ಹೆಚ್ಚು ಕೊಟ್ಟರೆ ಸಿಗುವ ಹೆಚ್ಚುವರಿ ಪ್ರೊಟೀನ್ ಎರಡು ಗ್ರಾಂ. ಅದು ಕೆಟ್ಟ ಆಹಾರವೇನಲ್ಲ. ಕೊಬ್ಬು ಹೆಚ್ಚಿರುವುದರಿಂದ ಸ್ವಲ್ಪವೇ ತಿನ್ನುವ ನಾಯಿಗೆ ಒಳ್ಳೆಯದು. ನಮ್ಮ ನಾಯಿ ಬಟ್ಟಲು ನೆಕ್ಕುವ ಜಾತಿ, ಅದಕ್ಕೆ ಬೇಕಿರಲಿಲ್ಲ.

ಪ್ರೊಟೀನನ್ನು ಹೋಲಿಸುವಾಗ ತೇವವನ್ನು ಕಳೆದೇ ಹೋಲಿಸಬೇಕು. ಶೇ. 10 ತೇವ ಇರುವ ಚೀಲದ 24 ಎಂದರೆ ಒಣ ಲೆಕ್ಕದಲ್ಲಿ 24 ಭಾಗಿಸು 90, ಸುಮಾರು ಶೇ. 26.7. ಪ್ರಾಣಿಗಳ ಆಹಾರಕ್ಕೆ ಮಾನದಂಡ ಗೊತ್ತು ಮಾಡುವ ಅಮೆರಿಕದ ಎಎಎಫ್‌ಸಿಒ ಸಂಸ್ಥೆಯ ಪಟ್ಟಿ ಈ ಒಣ ಲೆಕ್ಕದಲ್ಲಿ ವಯಸ್ಕ ನಾಯಿಗೆ ಕನಿಷ್ಠ ಶೇ. 18, ಬೆಳೆಯುವ ಮರಿಗೆ ಶೇ. 22.5 ಎನ್ನುತ್ತದೆ. ತೇವದ ಲೆಕ್ಕ ಮಾಡಿದರೆ ಗ್ರೇವಿ ಪೊಟ್ಟಣದ ಗುಟ್ಟೂ ಬಯಲಾಗುತ್ತದೆ. 80 ಗ್ರಾಂ ಪೊಟ್ಟಣದಲ್ಲಿ ನೀರೇ ಐದರಲ್ಲಿ ನಾಲ್ಕು ಪಾಲು. ನಾವು ನೋಡಿದ ಒಂದರಲ್ಲಿ ಇದ್ದದ್ದು ಸುಮಾರು 50 ಕ್ಯಾಲೊರಿ. ಅದರಲ್ಲೇ ಹೊಟ್ಟೆ ತುಂಬಿಸಲು ದಿನಕ್ಕೆ ಹದಿನಾಲ್ಕು ಪೊಟ್ಟಣ ಬೇಕು. ಕಾಯಿಲೆಯಿಂದ ಊಟ ಬಿಟ್ಟ ನಾಯಿಗೆ ಒಂದು ಚಮಚ ಮೇಲೆ ಹಾಕಿ ವಾಸನೆ ಹಿಡಿಸಲು ಅದು ಉಪಯೋಗ, ಅಷ್ಟೇ.

ಪದಾರ್ಥಗಳ ಪಟ್ಟಿ ಓದುವಾಗ ಒಂದು ಎಚ್ಚರ. ಪಟ್ಟಿ ಇರುವುದು ಬೇಯಿಸುವ ಮೊದಲಿನ ತೂಕದ ಕ್ರಮದಲ್ಲಿ. ಹಸಿ ಕೋಳಿಯಲ್ಲಿ ಶೇ. 70ರಷ್ಟು ನೀರು, ಹಾಗಾಗಿ ಅದು ಪಟ್ಟಿಯ ಮೊದಲಿಗೆ ಬಂದರೂ ಒಣಗಿದ ಮೇಲೆ ಹಿಂದಕ್ಕೆ ಬೀಳುತ್ತದೆ. ಕೋಳಿ ಮೀಲ್ ಎಂದು ಬರೆದಿದ್ದರೆ ಅದು ನೀರು ತೆಗೆದ ಪುಡಿ, ಮುಖ ಸಿಂಡರಿಸಬೇಕಿಲ್ಲ. ಅಕ್ಕಿ, ನುಚ್ಚು, ಅಕ್ಕಿ ತೌಡು ಎಂದು ಒಂದೇ ಧಾನ್ಯವನ್ನು ಮೂರು ಹೆಸರಲ್ಲಿ ಒಡೆದು ಬರೆದಿದ್ದರೆ ಮೂರನ್ನೂ ಕೂಡಿಸಿ ಓದಿ. ಎಲ್ಲಕ್ಕಿಂತ ಮುಖ್ಯ, ಇದು ಪೂರ್ಣ ಮತ್ತು ಸಮತೋಲಿತ ಆಹಾರ, ವಯಸ್ಕ ನಾಯಿಗೆ ಅಥವಾ ಮರಿಗೆ, ಎನ್ನುವ ಒಂದು ಸಾಲು ಇರಬೇಕು. ಅದಿಲ್ಲದಿದ್ದರೆ ಅದು ತಿಂಡಿಯೇ ಹೊರತು ಊಟವಲ್ಲ. ಧಾನ್ಯವಿಲ್ಲದ್ದು ಎಂಬ ಹೆಸರಿಗೆ ಹೆಚ್ಚು ಹಣ ಕೊಡುವ ಅಗತ್ಯ ನಮಗೆ ಕಂಡಿಲ್ಲ. ಧಾನ್ಯದ ಜಾಗದಲ್ಲಿ ಬಟಾಣಿ, ಬೇಳೆ ತುಂಬಿದ ಇಂಥ ಆಹಾರಕ್ಕೂ ನಾಯಿಗಳ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಪರಿಶೀಲನೆಯನ್ನೇ ಶುರು ಮಾಡಿತ್ತು.

ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿ ಕಿಲೊ ಲೆಕ್ಕದಲ್ಲಿ ತೂಗಿ ಕೊಡುವ ಲೂಸ್ ಫುಡ್ ಅಗ್ಗ. ಅದನ್ನು ನಾವು ತೆಗೆದುಕೊಳ್ಳುವುದಿಲ್ಲ. ಯಾವಾಗ ಬಿಚ್ಚಿದ್ದು, ಅವಧಿ ಯಾವಾಗ ಮುಗಿಯುತ್ತದೆ, ಯಾವ ಬ್ಯಾಚು, ಒಂದೂ ಗೊತ್ತಾಗುವುದಿಲ್ಲ.

ಇನ್ನು ಮನೆ ಊಟ. ನಮ್ಮಲ್ಲಿ ಯಾರಿಗೆ ಕೇಳಿದರೂ 'ಹಳ್ಳಿ ನಾಯಿ ಮುದ್ದೆ ತಿಂದೇ ಗಟ್ಟಿಮುಟ್ಟಾಗಿರಲಿಲ್ಲವೇ' ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕು. 722 ಕ್ಯಾಲೊರಿಗೆ ಸುಮಾರು 220 ಗ್ರಾಂ ರಾಗಿ ಹಿಟ್ಟು ಬೇಕು. ಅದರಲ್ಲಿ ಪ್ರೊಟೀನ್ ಬರೀ 15 ಗ್ರಾಂ. ಈ ನಾಯಿಗೆ ಕನಿಷ್ಠ ಬೇಕಾದದ್ದು, 1000 ಕ್ಯಾಲೊರಿಗೆ 45 ಗ್ರಾಮಿನ ಲೆಕ್ಕದಲ್ಲಿ, 32 ಗ್ರಾಂ. ಅರ್ಧವೂ ಸಿಗಲಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 220 ಗ್ರಾಮಿನಲ್ಲಿ ಮುಕ್ಕಾಲು ಗ್ರಾಂ ಸಿಗುತ್ತದೆ. ಆದರೆ ಅದರಲ್ಲೇ ಇರುವ ಫೈಟಿಕ್ ಆಮ್ಲ ಅದರ ಒಂದು ಪಾಲನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಹಳ್ಳಿಯ ನಾಯಿ ಬದುಕಿದ್ದು ಮುದ್ದೆಯೊಂದರಲ್ಲೇ ಅಲ್ಲ. ಕೋಳಿ ಕೊಯ್ದ ದಿನದ ಕರುಳು, ಹೊಲದ ಇಲಿ, ಹೆಗ್ಗಣ, ಕರು ಹಾಕಿದ ದಿನದ ಮಾಸು, ಎಲ್ಲವೂ ಅದರ ಊಟದಲ್ಲಿತ್ತು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇರುವ ನಾಯಿಗೆ ಮುದ್ದೆ ಮಾತ್ರ ಸಿಗುತ್ತದೆ, ಇಲಿ ಸಿಗುವುದಿಲ್ಲ.

ಮೊಸರನ್ನದ ಕಥೆ ಇದಕ್ಕಿಂತ ಸ್ವಲ್ಪ ಮೇಲು, ಆದರೂ ಸಾಲದು. 150 ಗ್ರಾಂ ಅಕ್ಕಿ, 300 ಗ್ರಾಂ ಮೊಸರು ಸೇರಿ 720 ಕ್ಯಾಲೊರಿ ಆಗುತ್ತದೆ, ಪ್ರೊಟೀನ್ 20 ಗ್ರಾಂ. ಕ್ಯಾಲ್ಸಿಯಂ 0.9 ಗ್ರಾಂ ಬೇಕಿದ್ದ ಕಡೆ ಅದರ ಅರ್ಧದ ಹತ್ತಿರ. ನಾಯಿ ಹೊಟ್ಟೆ ತುಂಬ ತಿಂದು ಬಾಲ ಅಲ್ಲಾಡಿಸುತ್ತದೆ, ತೂಕವೂ ಏರುತ್ತದೆ. ಏರುವುದು ಮಾಂಸವಲ್ಲ, ಕೊಬ್ಬು. ಕೂದಲು ಒರಟಾಗಿ, ತೊಡೆಯ ಹಿಂಭಾಗ ಸಣ್ಣಗೆ, ಹೊಟ್ಟೆ ಮಾತ್ರ ಗುಂಡಗೆ ಆದ ನಾಯಿಗಳನ್ನು ಸಸ್ಯಾಹಾರಿ ಮನೆಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ. ಆ ಮನೆಯವರಿಗೆ ಪ್ರೀತಿ ಕಡಿಮೆ ಇರುವುದಿಲ್ಲ. ಮನೆಯೊಳಗೆ ಮಾಂಸ, ಮೊಟ್ಟೆ ಬೇಡ ಎನ್ನುವವರು ಪೂರ್ಣ ಆಹಾರ ಎಂದು ಬರೆದ ಒಣ ಫುಡ್ಡನ್ನೇ ಮುಖ್ಯ ಊಟವಾಗಿಟ್ಟು, ಮೇಲೆ ಎರಡು ಚಮಚ ಮೊಸರು ಹಾಕಿದರೆ ನಾಯಿಗೂ ಸರಿ, ಮನೆಗೂ ಸರಿ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು, ಬರೀ ಕೋಳಿ ಮತ್ತು ಅನ್ನ. ಪ್ರೊಟೀನ್ ಚೆನ್ನಾಗಿ ಸಿಗುತ್ತದೆ, ಮೂಳೆ ತೆಗೆದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಫಾಸ್ಫರಸ್ ಮಾತ್ರ ಇರುತ್ತದೆ. ಒಂದೆರಡು ವಾರ ನಡೆಯುತ್ತದೆ. ತಿಂಗಳುಗಟ್ಟಲೆ ನಡೆದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ.

ನಾವು ಕೊನೆಗೆ ನಿಂತದ್ದು ಅರ್ಧ ಕ್ಯಾಲೊರಿ ಎರಡನೆಯ ಚೀಲದಿಂದ, ಅರ್ಧ ಅಡುಗೆಮನೆಯಿಂದ ಎಂಬ ಜಾಗದಲ್ಲಿ. ಅರ್ಧ ಎನ್ನುವುದು ಬಾಯಿಗೆ ಬಂದ ಅಳತೆಯಲ್ಲ. ಆ ಚೀಲದಲ್ಲಿ ಕ್ಯಾಲ್ಸಿಯಂ ಶೇ. 1. 115 ಗ್ರಾಂ ಹಾಕಿದರೆ 371 ಕ್ಯಾಲೊರಿಯ ಜೊತೆ 1.15 ಗ್ರಾಂ ಕ್ಯಾಲ್ಸಿಯಂ ಬಂತು. ಇಡೀ ದಿನಕ್ಕೆ ಬೇಕಾದ 0.9 ಗ್ರಾಂ ಅದೊಂದರಲ್ಲೇ ಮುಗಿಯಿತು. ಹಾಗಾಗಿ ಮನೆ ಊಟದ ಪಾಲಿಗೆ ಮೊಟ್ಟೆಚಿಪ್ಪಿನ ಪುಡಿ, ಕ್ಯಾಲ್ಸಿಯಂ ಸಿರಪ್ ಇತ್ಯಾದಿ ಬೆರೆಸುವ ತಲೆನೋವಿಲ್ಲ. ಒಣ ಫುಡ್ಡನ್ನು ಕಾಲು ಭಾಗಕ್ಕೆ ಇಳಿಸಿದರೆ ಈ ಲೆಕ್ಕ ಮುರಿಯುತ್ತದೆ.

ಮನೆಯ ಪಾಲಿನಲ್ಲಿ ಮಾಂಸವೋ ಮೊಟ್ಟೆಯೋ? ಅಂಗಡಿಯಲ್ಲಿ ಚರ್ಮ ತೆಗೆದ ಕೋಳಿ ಕಿಲೊಗೆ 240 ರೂ. ಇದ್ದರೆ ಮೂಳೆ ಕಳೆದು 100 ಗ್ರಾಂ ಮಾಂಸ ಬೀಳುವುದು 36 ರೂ.ಗೆ, ಪ್ರೊಟೀನ್ 21 ಗ್ರಾಂ. ಎರಡು ಮೊಟ್ಟೆಗೆ 14 ರೂ., ಪ್ರೊಟೀನ್ 12.6 ಗ್ರಾಂ. ಗ್ರಾಂ ಪ್ರೊಟೀನಿಗೆ ಕೋಳಿ 1.70 ರೂ., ಮೊಟ್ಟೆ 1.10 ರೂ. ಮೊಟ್ಟೆ ಗೆದ್ದಿತು. ದಿನದ ಪಟ್ಟಿ ಹೀಗೆ ನಿಂತಿತು: ಒಣ ಫುಡ್ 115 ಗ್ರಾಂ, ಅಕ್ಕಿ 45 ಗ್ರಾಂ, ಬೇಯಿಸಿದ ಮೊಟ್ಟೆ ಎರಡು, ಕೋಳಿ ಲಿವರ್ 10 ಗ್ರಾಂ, ಸಿಹಿಗುಂಬಳ 40 ಗ್ರಾಂ, ಎಣ್ಣೆ ಅರ್ಧ ಟೀ ಚಮಚ. ಒಟ್ಟು 715 ಕ್ಯಾಲೊರಿ, ಪ್ರೊಟೀನ್ 45 ಗ್ರಾಂ, ಖರ್ಚು 47 ರೂ. ಮೊಟ್ಟೆಯ ಜಾಗಕ್ಕೆ ಕೋಳಿ ಬಂದರೆ ಅದೇ ಪಟ್ಟಿ 69 ರೂ. ಮುಟ್ಟುತ್ತದೆ. ಮನೆ ಊಟ ಯಾವಾಗಲೂ ಅಗ್ಗ ಎನ್ನುವುದು ಹೀಗಾಗಿ ನಿಜವಲ್ಲ, ಮಾಂಸ ಸರಿಯಾಗಿ ಹಾಕಿದರೆ ಅದು ಚೀಲದ ಫುಡ್ಡಿಗಿಂತ ದುಬಾರಿ. ಅಡುಗೆ ಮಾಡಲು ಹೊತ್ತಿಲ್ಲದ ಮನೆಯವರು 51 ರೂ.ನಲ್ಲಿ ಪೂರ್ತಿ ಒಣ ಫುಡ್ ಹಾಕಿದರೆ ಏನೂ ತಪ್ಪಿಲ್ಲ, ನೀರು ಧಾರಾಳ ಇಟ್ಟರಾಯಿತು.

ಲಿವರ್ 10 ಗ್ರಾಂ ಎಂದರೆ ಹತ್ತೇ ಗ್ರಾಂ, ಹೆಬ್ಬೆರಳಿನ ಮೊದಲ ಗಂಟಿನಷ್ಟು ತುಂಡು. ಅಗ್ಗ ಸಿಗುತ್ತದೆಂದು ದಿನಾ ಕಾಲು ಕಿಲೊ ಹಾಕಿದರೆ ವಿಟಮಿನ್ ಎ ಅತಿಯಾಗಿ ಮೂಳೆ, ಕೀಲು ಹಾಳಾಗುತ್ತವೆ. ಕೋಳಿಯ ಕತ್ತು, ಕಾಲು ಅಂಗಡಿಯವರು ಬಹಳ ಕಡಿಮೆಗೆ ಕೊಡುತ್ತಾರೆ. ಕುಕ್ಕರಿನಲ್ಲಿ ಬೇಯಿಸಿ ಸೋಸಿದ ನೀರನ್ನು ಅನ್ನಕ್ಕೆ ಬಳಸಬಹುದು, ಮೂಳೆ ಬಟ್ಟಲಿಗೆ ಬೀಳಬಾರದು. ಬೆಂದ ಮೂಳೆ ಸೀಳಿ ಚೂಪಾಗುತ್ತದೆ, ಕರುಳು ಚುಚ್ಚುತ್ತದೆ.

ಅಡುಗೆ ನಾವು ಮೂರು ದಿನಕ್ಕೆ ಒಮ್ಮೆ ಮಾಡುತ್ತಿದ್ದೆವು. 135 ಗ್ರಾಂ ಅಕ್ಕಿ, 120 ಗ್ರಾಂ ಹೆಚ್ಚಿದ ಸಿಹಿಗುಂಬಳ, 30 ಗ್ರಾಂ ಲಿವರ್, ಅಕ್ಕಿಯ ನಾಲ್ಕರಷ್ಟು ನೀರು; ಕುಕ್ಕರ್ ಐದು ಸೀಟಿ. ಆರಿದ ಮೇಲೆ ಸೌಟಿನಲ್ಲಿ ಮಸೆದು ಮೂರು ಸ್ಟೀಲ್ ಡಬ್ಬಿಗೆ ತೂಗಿ ಹಾಕಿ ಫ್ರಿಜ್‌ನಲ್ಲಿ ಇಟ್ಟರೆ ಅಳತೆ ತಪ್ಪುವುದಿಲ್ಲ. ಮೊಟ್ಟೆ ಮಾತ್ರ ಅವತ್ತಿನದವತ್ತೇ ಬೇಯಿಸಿ, ಹಿಸುಕಿ ಬೆರೆಸುವುದು. ಈರುಳ್ಳಿ, ಬೆಳ್ಳುಳ್ಳಿ ಸೋಂಕದ ಪಾತ್ರೆಯೇ ಬೇಕು. ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಮಿಕ್ಕ ಸಾರು, ಬಿರಿಯಾನಿ ಅನ್ನ ತಂದು ಹಾಕುವ ಸಂಬಂಧಿಕರಿಗೆ ಇದನ್ನು ಮೊದಲೇ ಹೇಳಿಡಬೇಕು.

ಹೊಸ ಊಟಕ್ಕೆ ಹೊರಳಿಸುವಾಗ ನಾವು ಹಿಡಿದ ನಿಯಮ ಒಂದೇ: ಒಂದು ದಿನಕ್ಕೆ ಪ್ರಮಾಣ ಬದಲಾಗಬೇಕು ಇಲ್ಲವೇ ಪದಾರ್ಥ ಬದಲಾಗಬೇಕು, ಎರಡೂ ಒಟ್ಟಿಗೆ ಅಲ್ಲ. ಎರಡನ್ನೂ ಬದಲಿಸಿದ ಮಾರನೇ ದಿನ ಭೇದಿಯಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. 4ರಿಂದ 6ನೇ ದಿನ ಅದೇ ಅನ್ನ, ಕೋಳಿಯನ್ನೇ 480 ಕ್ಯಾಲೊರಿಗೆ ಏರಿಸಿದೆವು. 7 ಮತ್ತು 8ನೇ ದಿನ ಒಟ್ಟು ಪ್ರಮಾಣ ಹಾಗೇ ಇಟ್ಟು, 37 ಗ್ರಾಂ ಒಣ ಫುಡ್ಡನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೇರಿಸಿದೆವು, ಅಷ್ಟೇ ಕ್ಯಾಲೊರಿಯ ಅನ್ನ, ಕೋಳಿ ತೆಗೆದೆವು. 9ಕ್ಕೆ ಅದು 75 ಗ್ರಾಂ ಆಗಬೇಕಿತ್ತು.

9ನೇ ದಿನ ಬೆಳಗ್ಗೆ ಮಲ ಸಡಿಲವಾಯಿತು, ಎತ್ತಿದರೆ ನೆಲದಲ್ಲಿ ಗುರುತು ಉಳಿಯುವಷ್ಟು. ರಕ್ತವಿಲ್ಲ, ವಾಂತಿಯಿಲ್ಲ, ನಾಯಿ ಲವಲವಿಕೆಯಿಂದಿತ್ತು. ಹೀಗಿದ್ದಾಗ ಫುಡ್ ಬದಲಿಸಲು ಓಡಬಾರದು, ಒಂದು ಮೆಟ್ಟಿಲು ಹಿಂದೆ ಹೋಗಿ ಎರಡು ದಿನ ಅಲ್ಲೇ ನಿಲ್ಲಬೇಕು. ಕಾರಣ ಹುಡುಕಿದಾಗ ಸಿಕ್ಕಿದ್ದು ಚೀಲವಲ್ಲ: ಕೆಳಮನೆಯ ಮಕ್ಕಳು ಪ್ರೀತಿಯಿಂದ ಗೇಟಿನ ಸಂದಿಯಲ್ಲಿ ಕೊಟ್ಟ ಅರ್ಧ ಪೊಟ್ಟಣ ಗ್ಲೂಕೋಸ್ ಬಿಸ್ಕತ್ತು. ಒಂದು ಬಿಸ್ಕತ್ತಿನಲ್ಲಿ ಸುಮಾರು 20 ಕ್ಯಾಲೊರಿ. ಊಟದ ಹೊರಗಿನ ತಿಂಡಿ ದಿನದ ಹತ್ತನೇ ಒಂದು ಪಾಲು ಮೀರಬಾರದು ಎನ್ನುವ ಲೆಕ್ಕದಲ್ಲಿ ಇಡೀ ದಿನಕ್ಕೆ ಮೂರು ಬಿಸ್ಕತ್ತೇ ಹೆಚ್ಚು. ಅದರ ಬದಲು ದಿನದ ಫುಡ್ಡಿನಿಂದಲೇ ಹತ್ತು ಕಾಳು ತೆಗೆದು ಮಕ್ಕಳ ಕೈಗೆ ಕೊಟ್ಟೆವು, ನಾಯಿಗೆ ವ್ಯತ್ಯಾಸ ತಿಳಿಯಲಿಲ್ಲ. ರಕ್ತ, ವಾಂತಿ, ಮಂಕು ಇವುಗಳಲ್ಲಿ ಒಂದಿದ್ದರೂ, ಅಥವಾ ಅದು ಮರಿಯಾಗಿದ್ದರೂ, ಕಾಯದೆ ಆವತ್ತೇ ವೈದ್ಯರಲ್ಲಿಗೆ ಹೋಗಬೇಕು. ಎಷ್ಟು ಜಾಗ್ರತೆ ಮಾಡಿದರೂ ವಾರಗಟ್ಟಲೆ ಸಡಿಲವೇ ಇದ್ದರೆ ಮಲಪರೀಕ್ಷೆ ಮಾಡಿಸಿ. ರಸ್ತೆಯಿಂದ ಬಂದ ನಾಯಿಗಳಲ್ಲಿ ಕೊಕ್ಕೆಹುಳ, ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ ಸಾಮಾನ್ಯ, ಅವು ಇರುವ ತನಕ ಯಾವ ಫುಡ್ಡೂ ಮೈಗೆ ಹತ್ತುವುದಿಲ್ಲ.

11ನೇ ದಿನ ಮತ್ತೆ ಮುಂದಕ್ಕೆ ಹೆಜ್ಜೆ, 75 ಗ್ರಾಂ. ಮಲ ಗಟ್ಟಿ ಇದ್ದುದರಿಂದ ಕೋಳಿಯ ಜಾಗಕ್ಕೆ ಒಂದೊಂದೇ ಮೊಟ್ಟೆ ತಂದೆವು. ಆಮೇಲೆ ಎರಡು ದಿನಕ್ಕೊಮ್ಮೆ 60 ಕ್ಯಾಲೊರಿ ಏರಿಸುತ್ತಾ ಮೂರನೇ ವಾರದ ಕೊನೆಯ ಹೊತ್ತಿಗೆ ಪೂರ್ತಿ ಪ್ರಮಾಣಕ್ಕೆ ಮುಟ್ಟಿತು. ಊಟ ದಿನಕ್ಕೆ ಎರಡು ಸಲಕ್ಕೆ ಇಳಿಯಿತು.

ನಡುವೆ ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್‌ಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವ ಸಂದರ್ಭ ನಮ್ಮ ಕಡೆಯ ನಾಯಿಗಳಿಗೆ ಬಂದೇ ಬರುತ್ತದೆ. ಅದನ್ನು ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ಮೊಸರಿನಲ್ಲಿ ಬಚ್ಚಿಟ್ಟು ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಔಷಧಿಗೆ ಅಂಟಿಕೊಂಡು ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಲಿವರ್ ತುಂಡಿನೊಳಗೆ ಸಿಕ್ಕಿಸಿ, ಊಟದ ನಡುವೆ ಕೊಟ್ಟು, ಮೇಲೆ ನೀರು ಕುಡಿಸಬೇಕು. ಮಾತ್ರೆ ಅನ್ನನಾಳದಲ್ಲೇ ಅಂಟಿ ಕೂತರೆ ಹುಣ್ಣಾಗುತ್ತದೆ.

ಚೀಲದ ಗಾತ್ರ ಆರಿಸುವಾಗಲೂ ಅದೇ ದಿನದ ಲೆಕ್ಕ ಹಿಡಿಯಿರಿ. 10 ಕಿಲೊ ಚೀಲ ಕಿಲೊಗೆ ಅಗ್ಗ ನಿಜ, ಆದರೆ ದಿನಕ್ಕೆ 115 ಗ್ರಾಮಿನಂತೆ ಅದು ಮುಗಿಯಲು 87 ದಿನ. ಬಿಚ್ಚಿದ ಚೀಲವನ್ನು ನಾಲ್ಕರಿಂದ ಆರು ವಾರದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಕೊಬ್ಬು ಗಾಳಿಗೆ ಕೆಡುತ್ತದೆ. 3 ಕಿಲೊ ಚೀಲ 26 ದಿನಕ್ಕೆ ಸರಿಯಾಗಿ ಮುಗಿಯುತ್ತದೆ. ಫುಡ್ಡನ್ನು ಡಬ್ಬಕ್ಕೆ ಸುರಿಯಬೇಡಿ; ಚೀಲದ ಬಾಯಿ ಸುತ್ತಿ, ಕ್ಲಿಪ್ ಹಾಕಿ, ಚೀಲದ ಸಮೇತ ಡಬ್ಬದಲ್ಲಿಡಿ. ಸುರಿದರೆ ತಳದಲ್ಲಿ ಉಳಿದ ಹಳೆಯ ಎಣ್ಣೆ ಹೊಸದನ್ನೂ ಕೆಡಿಸುತ್ತದೆ, ಬ್ಯಾಚ್ ಸಂಖ್ಯೆಯೂ ಕಸಕ್ಕೆ ಹೋಗುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ: ತೇವ ಹಿಡಿದ ಜೋಳ, ಅಕ್ಕಿಯಲ್ಲಿ ಬೂಷ್ಟು ಬೆಳೆದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ನಾಯಿಯ ಯಕೃತ್ತಿಗೆ ಅದು ಮಾರಕ, ಬಿಸಿಲಿಗಿಟ್ಟರೆ ಹೋಗುವುದಿಲ್ಲ. ಒಂದು ಹಿಡಿ ತೆಗೆದು ಮೂಸಿ ನೋಡಿ. ಹಳೆ ಕೊಬ್ಬರಿಯ ಕಮಟು ವಾಸನೆ ಬಂದರೆ ಬಿಸಾಡಿ.

ಮರಿಯಾದರೆ ಈ ಪಟ್ಟಿ ಬೇಡ. ನಾಲ್ಕು ತಿಂಗಳೊಳಗಿನ ಮರಿಗೆ ಮೂಲ ಶಕ್ತಿಯ ಮೂರು ಪಟ್ಟು ಬೇಕು. 3 ಕಿಲೊ ಮರಿಗೇ ದಿನಕ್ಕೆ ಸುಮಾರು 480 ಕ್ಯಾಲೊರಿ. ಕ್ಯಾಲ್ಸಿಯಂ ಕಡಿಮೆಯಾದರೂ ಹೆಚ್ಚಾದರೂ ಕಾಲು ಸೊಟ್ಟಗಾಗುತ್ತದೆ. ಅದಕ್ಕೆ ಬೆಳವಣಿಗೆಗೆ ಎಂದು ಬರೆದ ಪೂರ್ಣ ಆಹಾರವನ್ನೇ, ನಾಲ್ಕು ಸಲ, ನೆನೆಸಿ ಕೊಡಿ. ಕಿಡ್ನಿ, ಮೇದೋಜೀರಕ ಗ್ರಂಥಿಯ ತೊಂದರೆ ಇರುವ ನಾಯಿಗೂ ಇದು ಹೊಂದುವುದಿಲ್ಲ.

ಪ್ರತಿ ಭಾನುವಾರ ಬೆಳಗ್ಗೆ, ಊಟಕ್ಕೆ ಮೊದಲು ತೂಕ. ಎರಡನೇ ವಾರದ ಕೊನೆಗೆ 9.8, ನಾಲ್ಕಕ್ಕೆ 10.4, ಆರಕ್ಕೆ 11, ಎಂಟಕ್ಕೆ 11.4. ಅಂದಾಜಿಸಿದ 12 ಮುಟ್ಟಲಿಲ್ಲ, ಆದರೆ ಪಕ್ಕೆಲುಬು ಆಗಲೇ ಹಸ್ತದ ಹಿಂಭಾಗದಂತೆ ಸಿಗುತ್ತಿತ್ತು, ಮೇಲಿನಿಂದ ನೋಡಿದರೆ ಸೊಂಟ ಕಾಣುತ್ತಿತ್ತು. ಇಂಥಲ್ಲಿ ತಕ್ಕಡಿಯ ಮಾತಿಗಿಂತ ಕೈಯ ಮಾತು ಹೆಚ್ಚು. 11.4 ಕಿಲೊಗೆ ಲೆಕ್ಕ ಹಾಕಿದರೆ 695 ಕ್ಯಾಲೊರಿ, ಅರ್ಧ ಚಮಚ ಎಣ್ಣೆ ನಿಲ್ಲಿಸಿದ್ದೇ ಸಾಕಾಯಿತು.

ಎರಡನೆಯ ಚೀಲವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ದತ್ತು ತೆಗೆದುಕೊಳ್ಳುವ ಮನೆ ಹಾಸನದಲ್ಲಿರಬಹುದು, ಹುಬ್ಬಳ್ಳಿಯಲ್ಲಿರಬಹುದು. ಮನೆ ಬದಲು, ಜನ ಬದಲು, ಜೊತೆಗೆ ಬಟ್ಟಲೂ ಬದಲಾದರೆ ಮೊದಲ ವಾರವೇ ಭೇದಿ ಶುರುವಾಗಿ, ನಾಯಿಗೆ ಏನೋ ರೋಗವಿದೆ ಎಂದು ವಾಪಸು ಕಳಿಸಿದವರಿದ್ದಾರೆ. ಆನ್‌ಲೈನಿನಲ್ಲಿ ಮಾತ್ರ ಸಿಗುವ ಫುಡ್ಡನ್ನು ಅದಕ್ಕೇ ಬಿಟ್ಟೆವು. ಜಿಲ್ಲಾ ಕೇಂದ್ರದ ಔಷಧಿ ಅಂಗಡಿಯಲ್ಲೋ ಪೆಟ್ ಅಂಗಡಿಯಲ್ಲೋ ಸಿಗುವಂಥದ್ದೇ ಬೇಕಿತ್ತು.

ಹೊರಡುವ ದಿನ ನಾಯಿಯ ಜೊತೆ ಹೋದದ್ದು: ಎರಡೂಕಾಲು ಕಿಲೊ ಫುಡ್, ಅಂದರೆ ಅಡುಗೆ ಮಾಡದಿದ್ದರೂ ಹತ್ತು ದಿನಕ್ಕೆ ಸಾಕಾಗುವಷ್ಟು, ಚೀಲದ ಹಿಂಬದಿಯ ಫೋಟೊ, ಕನ್ನಡದಲ್ಲಿ ಬರೆದ ಅಳತೆಯ ಚೀಟಿ, ಮತ್ತು ಒಂದು ಸಣ್ಣ ಸ್ಟೀಲ್ ಲೋಟ, ಅಡುಗೆ ತಕ್ಕಡಿಯಲ್ಲಿ 58 ಗ್ರಾಂ ಫುಡ್ ತೂಗಿ, ಅದು ನಿಂತ ಮಟ್ಟಕ್ಕೆ ಒಳಗಡೆ ಮೊಳೆಯಿಂದ ಗೀರು ಹಾಕಿದ್ದು. ಚೀಟಿಯ ಮೊದಲ ಸಾಲು: ಬೆಳಗ್ಗೆ ಒಂದು ಗೀರು, ರಾತ್ರಿ ಒಂದು ಗೀರು, ಜೊತೆಗೆ ಒಂದೊಂದು ಮೊಟ್ಟೆ, ಅನ್ನದ ಡಬ್ಬಿ ಅರ್ಧರ್ಧ.